“ಯಾವಾಗಲೋ ಪಾರ್ಟಿಯಲ್ಲಿ ಅಷ್ಟೇ ಡಾಕ್ಟ್ರೇ” – ಒಂದೇ ರಾತ್ರಿಯ ಅತಿಕುಡಿತ ಮತ್ತು ಎಳೆಯ ಹೃದಯ



ದುರ್ಗಾಪೂಜೆ ಹತ್ತಿರ ಬಂತು. ಲೇಕ್ ಗಾರ್ಡನ್ಸ್, ಜಾದವ್‌ಪುರ, ಸಾಲ್ಟ್ ಲೇಕ್ ಕಡೆ ಪಿ.ಜಿ.ಯಲ್ಲೋ ಬಾಡಿಗೆ ಫ್ಲಾಟಿನಲ್ಲೋ ಇರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ರಾತ್ರಿಯಿಡೀ ಪಂಡಾಲ್ ಸುತ್ತುತ್ತಾರೆ. ಸುತ್ತಲಿ, ಅದೇ ಈ ಊರಿನ ಸೊಗಸು. ಆದರೆ ಆ ರಾತ್ರಿಗಳಲ್ಲಿ ಗೆಳೆಯರ ಜೊತೆ ಕುಡಿತವೂ ನಡೆಯುತ್ತದೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಬಾಯಿಬಿಡುವುದಿಲ್ಲ. ಹಾಗಾಗಿ ಈ ಸಲ ಇದೇ ವಿಷಯ.

“ನಮ್ಮ ಹುಡುಗ ಕುಡುಕ ಅಲ್ಲ ಡಾಕ್ಟ್ರೇ, ಯಾವಾಗಲೋ ಪಾರ್ಟಿಯಲ್ಲಿ ಅಷ್ಟೇ” ಎಂದು ಅನೇಕ ತಂದೆತಾಯಂದಿರು ಹೇಳುತ್ತಾರೆ. ಮಾತು ನಿಜವೇ ಇರಬಹುದು. ಆದರೆ ತಿಂಗಳಿಗೆ ಎಷ್ಟು ದಿನ ಕುಡಿದ ಎನ್ನುವಷ್ಟೇ ಮುಖ್ಯ, ಒಂದು ರಾತ್ರಿಗೆ ಎಷ್ಟು ಕುಡಿದ ಎನ್ನುವುದು.

*ಎಷ್ಟಾದರೆ ಅತಿಕುಡಿತ?*

ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಶುದ್ಧ ಆಲ್ಕೋಹಾಲ್ ಹೊಟ್ಟೆಗೆ ಹೋದರೆ ಅದು ಅತಿಕುಡಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕುತ್ತದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ:

• ವಿಸ್ಕಿ, ರಮ್, ವೋಡ್ಕಾ – 30 ಎಂ.ಎಲ್.ನ ಒಂದು ಸಣ್ಣ ಪೆಗ್: ಸುಮಾರು 10 ಗ್ರಾಂ
• 90 ಎಂ.ಎಲ್. ಟೆಟ್ರಾ ಪ್ಯಾಕ್: ಸುಮಾರು 30 ಗ್ರಾಂ
• 180 ಎಂ.ಎಲ್. ಕ್ವಾರ್ಟರ್: ಸುಮಾರು 60 ಗ್ರಾಂ
• 650 ಎಂ.ಎಲ್. ಸ್ಟ್ರಾಂಗ್ ಬಿಯರ್ (ಶೇ. 8): ಸುಮಾರು 40 ಗ್ರಾಂ

ಅಂದರೆ ಒಂದು ಕ್ವಾರ್ಟರ್ ಮುಗಿಸಿದರೆ, ಇಲ್ಲವೇ ಒಂದೂವರೆ ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿದರೆ ಆ ಗೆರೆ ಮುಟ್ಟಿದಂತೆಯೇ. “ಬರೀ ಬಿಯರ್ ತಾನೇ” ಎನ್ನುವವರು ಗಮನಿಸಿ, ಒಂದು ಸ್ಟ್ರಾಂಗ್ ಬಾಟಲಿ ನಾಲ್ಕು ಸಣ್ಣ ಪೆಗ್ಗಿಗೆ ಸಮ. ಹೆಣ್ಣುಮಕ್ಕಳ ದೇಹದಲ್ಲಿ ನೀರಿನ ಪ್ರಮಾಣ ಕಡಿಮೆ ಇರುವುದರಿಂದ ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಮಟ್ಟ ಹೆಚ್ಚು ಏರುತ್ತದೆ.

ನಮ್ಮ ಲಿವರ್ ಗಂಟೆಗೆ ಸುಮಾರು ಒಂದು ಸಣ್ಣ ಪೆಗ್‌ನಷ್ಟನ್ನು ಮಾತ್ರ ಅರಗಿಸಬಲ್ಲದು. ಕಾಫಿ, ನಿಂಬೆರಸ, ಮಜ್ಜಿಗೆ, ತಣ್ಣೀರು ಸ್ನಾನ, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಮಧ್ಯರಾತ್ರಿ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ ಜಾವ 4–5 ಗಂಟೆಗೂ ಮದ್ಯ ಇರಬಹುದು. ಆ ಹೊತ್ತಿನಲ್ಲಿ ಬೈಕ್ ಹತ್ತಬಾರದು.

*ಹೃದಯಕ್ಕೆ ಏನಾಗುತ್ತದೆ?*

1978ರಲ್ಲಿ ಅಮೆರಿಕದ ನ್ಯೂಜೆರ್ಸಿಯ ವೈದ್ಯ ಫಿಲಿಪ್ ಎಟಿಂಗರ್ ಮತ್ತು ಸಂಗಡಿಗರು ಒಂದು ವಿಷಯ ಗಮನಿಸಿದರು. ವಾರಾಂತ್ಯ ಮತ್ತು ಹಬ್ಬದ ರಜೆಗಳಲ್ಲಿ ವಿಪರೀತ ಕುಡಿದವರು ಎದೆಬಡಿತ ತಾಳತಪ್ಪಿ ಆಸ್ಪತ್ರೆ ಸೇರುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ‘ಹಾಲಿಡೇ ಹಾರ್ಟ್’. ಅವರು ನೋಡಿದ್ದು ಕುಡಿತದ ರೂಢಿ ಇದ್ದವರನ್ನು. ಅಪರೂಪಕ್ಕೆ ಕುಡಿಯುವವರಲ್ಲೂ ಹೀಗಾಗಬಹುದು ಎಂದು ಆಮೇಲೆ ಗೊತ್ತಾಯಿತು.

2015ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಬಿಯರ್ ಹಬ್ಬದಲ್ಲಿ ವೈದ್ಯರು 3,000ಕ್ಕೂ ಹೆಚ್ಚು ಮಂದಿಯ ಇ.ಸಿ.ಜಿ. ತೆಗೆದರು. ಸುಮಾರು ಶೇ. 30 ಮಂದಿಯಲ್ಲಿ ಎದೆಬಡಿತದ ಏರುಪೇರು ಕಂಡಿತು. ಹೆಚ್ಚಿನವರಲ್ಲಿ ಅದು ಬರೀ ವೇಗದ ಬಡಿತವಾಗಿತ್ತು. ರಕ್ತದಲ್ಲಿ ಮದ್ಯ ಹೆಚ್ಚಿದಷ್ಟೂ ಏರುಪೇರೂ ಹೆಚ್ಚಿತ್ತು.

ಕಾರಣ ಸರಳ. ಹೃದಯ ಬಡಿಯುವುದು ಸಣ್ಣ ವಿದ್ಯುತ್ ಸಂಕೇತದಿಂದ. ಮದ್ಯ ಆ ಸಂಕೇತವನ್ನು ಕೆಡಿಸುತ್ತದೆ, ಅಡ್ರಿನಲಿನ್ ಏರಿಸುತ್ತದೆ. ಪದೇ ಪದೇ ಮೂತ್ರ, ವಾಂತಿ ಆಗಿ ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾಗುತ್ತವೆ. ನಿದ್ದೆಯೂ ಇಲ್ಲ. ಆಗ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಬರೀ ನಡುಗತೊಡಗಬಹುದು. ಇದೇ ಏಟ್ರಿಯಲ್ ಫೈಬ್ರಿಲೇಷನ್. ಎಳೆಯರಲ್ಲಿ ಸಾಮಾನ್ಯವಾಗಿ ಒಂದು ದಿನದೊಳಗೆ ಸರಿಹೋಗುತ್ತದೆ. ಆದರೆ ಅದು ಮುಂದುವರಿದರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೆಯುವ ಅಪಾಯವಿದೆ.

ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡಿದ್ದರೆ, ಅಥವಾ ನಿಮ್ಮ ಮಗ/ಮಗಳು ಆಟವಾಡುವಾಗ ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಒಮ್ಮೆ ಇ.ಸಿ.ಜಿ. ಮತ್ತು ಎಕೋ ಮಾಡಿಸಿ. ಹುಟ್ಟಿನಿಂದ ಬಂದ ಕೆಲವು ಹೃದಯದೋಷಗಳು ಹೊರಗೆ ಕಾಣುವುದಿಲ್ಲ. ಅಂಥವರಿಗೆ ಒಂದು ರಾತ್ರಿಯ ಅತಿಕುಡಿತವೂ ಅಪಾಯ.

ಎನರ್ಜಿ ಡ್ರಿಂಕ್ ಬೆರೆಸಿ ಕುಡಿಯುವ ರೂಢಿಯೂ ಹೆಚ್ಚಾಗಿದೆ. ಅದರಲ್ಲಿರುವ ಕೆಫೀನ್ ಅಮಲನ್ನು ಇಳಿಸುವುದಿಲ್ಲ, ಮಂಪರನ್ನು ಮರೆಮಾಚುತ್ತದೆ. ಹಾಗಾಗಿ ಇನ್ನೂ ಹೆಚ್ಚು ಕುಡಿಯುತ್ತಾರೆ.

*“ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗ್ತಾನೆ” – ಈ ಮಾತು ಬೇಡ*

ಕೊನೆಯ ಪೆಗ್ ಮುಗಿದ ಮೇಲೂ ರಕ್ತದಲ್ಲಿ ಮದ್ಯ ಏರುತ್ತಲೇ ಇರುತ್ತದೆ. ಮಲಗಿದವನು ತನ್ನ ವಾಂತಿಯೇ ಶ್ವಾಸನಾಳಕ್ಕೆ ಹೋಗಿ ಉಸಿರುಕಟ್ಟಿ ಸಾಯಬಹುದು. ಖಾಲಿ ಹೊಟ್ಟೆಯಲ್ಲಿ ಕುಡಿದಿದ್ದರೆ ಸಕ್ಕರೆ ಅಂಶ ತೀರಾ ಇಳಿಯಬಹುದು. ಈ ಲಕ್ಷಣಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ:

• ಕೂಗಿದರೂ ಚಿವುಟಿದರೂ ಏಳದಿರುವುದು
• ನಿಮಿಷಕ್ಕೆ 8ಕ್ಕಿಂತ ಕಡಿಮೆ ಉಸಿರು, ಅಥವಾ ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ
• ಮೈ ತಣ್ಣಗಾಗಿ ತುಟಿ ನೀಲಿಯಾಗುವುದು
• ಫಿಟ್ಸ್, ಎದೆನೋವು, ನಿಲ್ಲದ ಎದೆ ಡವಡವ
• ಅರೆಪ್ರಜ್ಞೆಯಲ್ಲಿ ವಾಂತಿ

112ಕ್ಕೆ ಕರೆ ಮಾಡಿ. ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲೇ ಇರಿ. ಬಾಯಿಗೆ ಏನೂ ಹಾಕಬೇಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ. ಉಸಿರು ನಿಂತರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಿ.

*ತಂದೆತಾಯಂದಿರಿಗೆ ಒಂದು ಮಾತು*

ಪಶ್ಚಿಮ ಬಂಗಾಳದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆದ್ದರಿಂದ ಚಿಕ್ಕವರು ಪೊಲೀಸರಿಗೆ, ವಾರ್ಡನ್‌ಗೆ, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪ ಅಮ್ಮನಿಗೆ ಹೆದರಿ ಗೆಳೆಯನನ್ನು ಆಸ್ಪತ್ರೆಗೆ ಕರೆದೊಯ್ಯದೆ ಕಾಯುತ್ತಾರೆ. ಹಾಗೆ ಕಾಯುವಾಗಲೇ ಜೀವ ಹೋಗುತ್ತದೆ. ನೀವು ಹುಬ್ಬಳ್ಳಿಯಲ್ಲಿರಿ, ಮಂಗಳೂರಿನಲ್ಲಿರಿ, ಇಂದೇ ಫೋನ್ ಮಾಡಿ ಮಕ್ಕಳಿಗೆ ಹೇಳಿ: “ಕುಡಿಯಬೇಡ ಅನ್ನೋದೇ ನನ್ನ ಮಾತು. ಆದರೆ ಏನೇ ಆದರೂ, ಎಷ್ಟು ಹೊತ್ತಾದರೂ, ಮೊದಲು ಆಸ್ಪತ್ರೆಗೆ ಹೋಗಿ ನನಗೆ ಫೋನ್ ಮಾಡು. ಆ ರಾತ್ರಿ ನಾನು ಬಯ್ಯೋದಿಲ್ಲ.” ಇಲ್ಲೇ ಇರುವ ಒಬ್ಬ ಕನ್ನಡದ ಹಿರಿಯರ ನಂಬರನ್ನೂ ಅವರ ಫೋನಿನಲ್ಲಿ ಹಾಕಿಸಿ.

ಇಷ್ಟೇ ಕುಡಿದರೆ ಅಪಾಯವಿಲ್ಲ ಎಂದು ಹೇಳಬಲ್ಲ ಅಳತೆ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬಿಡಲು ಕಷ್ಟವಾಗುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು.

ದೂರದ ಊರಿನಲ್ಲಿ ಓದುವ, ದುಡಿಯುವ ಮಕ್ಕಳಿರುವ ಮನೆಗಳಿಗೆ ಇದನ್ನು ಕಳಿಸಿ. ಮಕ್ಕಳಿಗೂ ಕಳಿಸಿ.

– ಹೃದ್ರೋಗ ತಜ್ಞ, ಎಂ.ಡಿ., ಲೇಕ್ ಗಾರ್ಡನ್ಸ್, ಕೋಲ್ಕತ್ತ