ಸೊಂಟದಲ್ಲಿ ಪಿಸ್ತೂಲು, ಕಿಸೆಯಲ್ಲಿ ಕಾಗದ

ಕೋವಿಯೆಂಬುದು ನಮ್ಮ ಕಾಸರಗೋಡು ಸೀಮೆಗೆ ಹೊಸ ವಸ್ತುವಲ್ಲ. ಹಂದಿಯ ಕಾಟವಿರುವ ತೋಟಗಳ ಕಡೆಯಲ್ಲಿ ಲೈಸೆನ್ಸು ಪಡೆದ ನಳಿಗೆಯ ಕೋವಿಯೊಂದು ಮನೆಯ ಒಳಕೋಣೆಯಲ್ಲಿರುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಅದು ಉದ್ದನೆಯ ವಸ್ತು. ಅದನ್ನು ಹೆಗಲಿಗೇರಿಸಿದವನು ಯಾವ ಕಡೆಗೆ ಹೊರಟನೆಂಬುದು ಊರಿಗೆಲ್ಲ ತಿಳಿಯುತ್ತದೆ. ಆದರೆ ಈಚೆಗೆ ನಾಲ್ಕು ಜನ ಸೇರಿದಲ್ಲಿ ಕೇಳಿಬರುವ ಮಾತು ಬೇರೆ. ಅಂಗಿಯ ಮರೆಯಲ್ಲಿ ಅಡಗಿ, ಪೇಟೆಗೂ ಮದುವೆಗೂ ಜತೆಯಲ್ಲಿಯೇ ಬರುವ ಪಿಸ್ತೂಲಿನ ಮಾತು ಅದು.

ನಮ್ಮಲ್ಲಿ ಓದಿ ಈಗ ಅಡಿಕೆ ವ್ಯಾಪಾರ ಮಾಡಿಕೊಂಡಿರುವ ಗೃಹಸ್ಥರೊಬ್ಬರು ಶಾಲೆಗೆ ಬಂದು, "ಮಾಷ್ಟ್ರೆ, ಒಂದು ಪಿಸ್ತೂಲು ತೆಗೆದುಕೊಳ್ಳುವ ಅಂತ ಉಂಟು. ಯಾವುದು ಒಳ್ಳೆಯದು, ಹೇಗೆ ಇಟ್ಟುಕೊಳ್ಳುವುದು, ನೀವು ಸ್ವಲ್ಪ ನೋಡಿ ಹೇಳಬೇಕು" ಎಂದು ಕೇಳಿದರು. ಮಂಗಳೂರಿನಲ್ಲಿ ಮಾಲು ಇಳಿಸಿ, ಹಣದ ಚೀಲದೊಡನೆ ರಾತ್ರಿ ಒಬ್ಬರೇ ಮರಳುವವರು ಅವರು. ಒಂದೆರಡು ಬಾರಿ ಬೈಕಿನವರು ಬಹಳ ದೂರ ಹಿಂಬಾಲಿಸಿದ್ದುಂಟಂತೆ. ಅವರ ಭಯ ಸುಳ್ಳಿನದಲ್ಲ. ಅವರ ಎಂಟು ವರ್ಷದ ಮಗಳು ನಮ್ಮ ಮೂರನೆಯ ತರಗತಿಯಲ್ಲಿದ್ದಾಳೆ ಎಂಬುದೂ ನಮ್ಮ ಲಕ್ಷ್ಯದಲ್ಲಿತ್ತು. ಈ ವಿಷಯದಲ್ಲಿ ನಮ್ಮ ಸ್ವಂತ ಜ್ಞಾನ ಕಾಲೇಜಿನ ಎನ್.ಸಿ.ಸಿ.ಯಲ್ಲಿ .22 ರೈಫಲಿನಿಂದ ಹಾರಿಸಿದ ಕೆಲವು ಗುಂಡುಗಳಷ್ಟೆ. ಆದುದರಿಂದ ಕಾಯಿದೆಯ ಪುಸ್ತಕಗಳನ್ನು ತರಿಸಿ ಓದಿದೆವು. ನೆರೆಯ ನಿವೃತ್ತ ಸುಬೇದಾರರ ಜಗಲಿಯಲ್ಲಿ ಕೆಲವು ಸಂಜೆಗಳನ್ನು ಕಳೆದೆವು. ಅವರೊಬ್ಬರಿಗೆ ಹೇಳಿದುದು ಇತರರಿಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ಕಾಗದದ ವಿಚಾರ. 1878ರಲ್ಲಿ ಬ್ರಿಟಿಷರು ತಂದ ಆಯುಧ ಕಾಯಿದೆಯು ಭಾರತೀಯರ ಕೈಯಿಂದ ಕೋವಿಯನ್ನು ದೂರವಿಡುವ ಉದ್ದೇಶದ್ದಾಗಿತ್ತು. ಈಗ ನಡೆಯುತ್ತಿರುವುದು 1959ರ ಆಯುಧ ಕಾಯಿದೆ. ಅದರ ಕೆಳಗಿನ ವಿವರಗಳು 2016ರ ನಿಯಮಗಳಲ್ಲಿವೆ. ಇಪ್ಪತ್ತೊಂದು ವರ್ಷ ತುಂಬಿದವರು ಜಿಲ್ಲಾ ಮ್ಯಾಜಿಸ್ಟ್ರೇಟರ ಕಛೇರಿಗೆ ಅರ್ಜಿ ಕೊಡಬೇಕು. ಪೋಲೀಸರು ವಿಚಾರಣೆ ನಡೆಸಿ ವರದಿ ಕಳುಹಿಸಬೇಕು. ಅರ್ಜಿದಾರರು ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯನ್ನು ಪಡೆದಿರಬೇಕು. "ನನಗೆ ಭಯವಾಗುತ್ತದೆ" ಎಂದು ಬರೆದುಕೊಟ್ಟರೆ ಸಾಲದು. ಭಯಕ್ಕೆ ಕಾರಣವನ್ನು ತೋರಿಸಬೇಕು. ಬೆದರಿಕೆಯ ಬಗ್ಗೆ ಹಿಂದೆ ಠಾಣೆಗೆ ಕೊಟ್ಟ ದೂರಿನ ಪ್ರತಿ, ವ್ಯಾಪಾರದ ಲೆಕ್ಕಪತ್ರ, ಇಂಥವು ಆಗ ಉಪಯೋಗಕ್ಕೆ ಬರುತ್ತವೆ. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವಿದೆ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೇರಿತು; ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿಯಿತು. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡವರಿಗೆ ಅದೇ ತಿದ್ದುಪಡಿಯು ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದ ವರೆಗಿನ ಸಜೆಯನ್ನು ವಿಧಿಸಿದೆ. ಗುಟ್ಟಾಗಿ ಸಿಗುವ ಕಳ್ಳ ಪಿಸ್ತೂಲಿನ ಮೇಲೆ ಆಸೆಪಡುವವರು ಈ ಲೆಕ್ಕವನ್ನೂ ಹಾಕಿಕೊಳ್ಳಲಿ. ನೆರೆಯ ಕೊಡಗಿನವರಿಗೆ ಲೈಸೆನ್ಸು ಬೇಡವಲ್ಲ ಎಂದು ಕೆಲವರು ಕೇಳುವುದುಂಟು. ಅದು ಕೊಡವ ಜನಾಂಗಕ್ಕೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರಂಪರೆಯಿಂದ ಬಂದ ವಿನಾಯಿತಿ; 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರ ವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅದರ ಹೆಸರು ಹೇಳಿ ನಾವು ಪಾರಾಗುವಂತಿಲ್ಲ.

ಇಷ್ಟು ಎಲ್ಲ ಊರಿಗೂ ಸಮಾನ. ಗಡಿಯವರಾದ ನಮಗೆ ಮಾತ್ರ ಸಂಬಂಧಿಸಿದ ಒಂದು ಸಂಗತಿ ಬೇರೆಯಿದೆ. ಲೈಸೆನ್ಸಿನಲ್ಲಿ ಅದು ಯಾವ ಪ್ರದೇಶದಲ್ಲಿ ಊರ್ಜಿತವೆಂಬುದನ್ನು ನಮೂದಿಸಿರುತ್ತಾರೆ. ನಮ್ಮ ಬದುಕನ್ನು ನೋಡಿ: 1956ರ ನವೆಂಬರದಲ್ಲಿ ತಾಲೂಕು ಕೇರಳಕ್ಕೆ ಸೇರಿತಾದರೂ ನಮ್ಮ ಆಸ್ಪತ್ರೆ ಮಂಗಳೂರು, ಮಾರುಕಟ್ಟೆ ಮಂಗಳೂರು, ಮಗಳನ್ನು ಕೊಟ್ಟ ಮನೆ ಪುತ್ತೂರು ಅಥವಾ ಸುಳ್ಯ. ತಲಪಾಡಿಯನ್ನು ನಾವು ದಾಟುವುದು ಅಂಗಳ ದಾಟಿದ ಹಾಗೆ. ಆದರೆ ಕಾಸರಗೋಡಿನಲ್ಲಿ ಪಡೆದ ಲೈಸೆನ್ಸಿನಲ್ಲಿ ಕೇರಳವೆಂದು ಮಾತ್ರ ಬರೆದಿದ್ದರೆ, ಸೊಂಟದಲ್ಲಿದ್ದ ಪಿಸ್ತೂಲು ತಲಪಾಡಿಯ ಆಚೆ ಲೈಸೆನ್ಸಿನ ಹೊರಗಿನ ವಸ್ತುವಾಗುತ್ತದೆ. ಶರ್ತವನ್ನು ಮೀರಿದವರಿಗೆ ಆರು ತಿಂಗಳ ವರೆಗಿನ ಸಜೆ ಕಾಯಿದೆಯಲ್ಲಿದೆ. ಲೈಸೆನ್ಸು ರದ್ದಾಗುವ ಸಂಭವವೂ ಇದೆ. ನಮ್ಮ ಅಡಿಕೆ ವ್ಯಾಪಾರಿಗಳಿಗೆ ಅಪಾಯದ ದಾರಿಯೆಂದರೆ ಮಂಗಳೂರಿನಿಂದ ಬರುವ ದಾರಿಯೇ. ಅದರ ಮೊದಲರ್ಧದಲ್ಲಿ ಆಯುಧವನ್ನು ಮನೆಯಲ್ಲಿ ಬಿಟ್ಟಿರಬೇಕಾದರೆ ಕೊಂಡು ಫಲವೇನು? ಆದ ಕಾರಣ ಅರ್ಜಿಯಲ್ಲಿಯೇ ನೆರೆಯ ರಾಜ್ಯದ ಹೆಸರನ್ನು ಕಾರಣಸಹಿತ ಕೇಳಬೇಕು. ಲೈಸೆನ್ಸು ಕೈಗೆ ಬಂದ ದಿನವೇ ಅದರ ಪ್ರತಿಯೊಂದು ಸಾಲನ್ನು, ಭಾಷೆ ತಿಳಿಯದಿದ್ದರೆ ಬಲ್ಲವರಿಂದ ಓದಿಸಿ, ಅರ್ಥಮಾಡಿಕೊಳ್ಳಬೇಕು. ತಲಪಾಡಿಯ ಈಚೆ ಬದಿಯಲ್ಲಿ ಹುಟ್ಟಿ ಆಚೆ ಬದಿಯಲ್ಲಿ ಓದಿದ ನಮ್ಮಂಥವರಿಗೆ ಪಿಂಚಣಿಯಿಂದ ಪಡಿತರದ ವರೆಗೆ ಇಂಥ ಫಜೀತಿಗಳು ಅಭ್ಯಾಸವಾಗಿವೆ; ಆದರೆ ಪಡಿತರ ಚೀಟಿಯಲ್ಲಿ ತಪ್ಪಾದರೆ ಯಾರೂ ಜೈಲಿಗೆ ಹೋಗುವುದಿಲ್ಲ.

ಇನ್ನು ಆಯ್ಕೆ. ಸಿನಿಮಾ ನೋಡಿ 9 ಮಿಲಿಮೀಟರಿನ ಪಿಸ್ತೂಲನ್ನು ಕೇಳುವವರಿದ್ದಾರೆ. 9 ಮಿಲಿಮೀಟರ್ ಮತ್ತು .38 ಬೋರುಗಳು ಸೈನ್ಯ ಮತ್ತು ಪೋಲೀಸರ ಬಳಕೆಯವು; ಸಾಮಾನ್ಯ ಪ್ರಜೆಗೆ ನಿಷಿದ್ಧ. ನಮಗೆ ಉಳಿಯುವುದು ಮುಖ್ಯವಾಗಿ .32 ಬೋರು. ಸರಕಾರಿ ಆಯುಧ ಕಾರ್ಖಾನೆಗಳಲ್ಲಿ ಈ ಬೋರಿನ ರಿವಾಲ್ವರೂ ಪಿಸ್ತೂಲೂ ತಯಾರಾಗುತ್ತವೆ. 2014ರಲ್ಲಿ ಕಾನ್ಪುರದ ಕಾರ್ಖಾನೆಯು ಮಹಿಳೆಯರಿಗೆಂದು 'ನಿರ್ಭೀಕ್' ಎಂಬ ಹಗುರವಾದ ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋಗ್ರಾಮಿನ ಆಸುಪಾಸು. ಆಗಿನ ಬೆಲೆಯೇ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಯಷ್ಟು. ಹಗುರವೆಂಬುದು ಹೊರುವಾಗ ಸುಖ, ಹಾರಿಸುವಾಗ ಕಷ್ಟ. ತೋಟೆ ಅದೇ ಆಗಿದ್ದರೆ ಆಯುಧ ಹಗುರವಾದಷ್ಟೂ ಕೈಗೆ ಬೀಳುವ ಒದೆತ ಹೆಚ್ಚು.

ರಿವಾಲ್ವರೇ, ಪಿಸ್ತೂಲೇ ಎಂಬ ಪ್ರಶ್ನೆಗೆ ನಮ್ಮ ಸುಬೇದಾರರು ರಿವಾಲ್ವರಿನ ಪಕ್ಷ. ಅದರ ತಿರುಗುವ ಉರುಳೆಯನ್ನು ಹೊರಕ್ಕೆ ತೆರೆದರೆ ಆರು ಮನೆಗಳೂ ಕಣ್ಣಿಗೆ ಕಾಣುತ್ತವೆ. ತೋಟೆ ಇದೆಯೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಯಿಲ್ಲ. ಒಂದು ತೋಟೆ ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲು ಚಪ್ಪಟೆ, ಅಂಗಿಯಡಿಯಲ್ಲಿ ಉಬ್ಬಿ ಕಾಣದು. ತೋಟೆಗಳೂ ಬೇಗ ತುಂಬುತ್ತವೆ. ಆದರೆ ಅದರಲ್ಲಿ ಒಂದು ಮೋಸವಿದೆ. ಹಿಡಿಯೊಳಗಿನ ಮ್ಯಾಗಜೀನನ್ನು ಹೊರಗೆಳೆದೊಡನೆ ಬರಿದಾಯಿತೆಂದು ತಿಳಿಯುತ್ತಾರೆ. ನಳಿಗೆಯ ಬುಡದಲ್ಲಿ ಒಂದು ತೋಟೆ ಕುಳಿತೇ ಇರುತ್ತದೆ. 'ಖಾಲಿ' ಪಿಸ್ತೂಲಿನಿಂದ ಆದ ಸಾವುಗಳ ಹಿಂದೆ ಎಷ್ಟೋ ಸಲ ಇದೇ ಕಾರಣ. ಮ್ಯಾಗಜೀನು ತೆಗೆದ ಮೇಲೆ ಮೇಲಿನ ಜಾರುಭಾಗವನ್ನು ಹಿಂದಕ್ಕೆಳೆದು, ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡಬೇಕು. ಇನ್ನೊಂದು ಮಾತು: ರಿವಾಲ್ವರಿಗೂ ಪಿಸ್ತೂಲಿಗೂ .32 ಎಂದೇ ಹೆಸರಿದ್ದರೂ ಎರಡರ ತೋಟೆಗಳು ಬೇರೆ. ರಿವಾಲ್ವರಿನದು ಉದ್ದ, ಪಿಸ್ತೂಲಿನದು ಗಿಡ್ಡ. ಅಂಗಡಿಯಲ್ಲಿ ಬರಿಯ ಮೂವತ್ತೆರಡು ಎಂದರೆ ಸಾಲದು.

ಗುಟ್ಟಾಗಿ ಧರಿಸುವುದು ಕಳ್ಳತನದ ಲಕ್ಷಣವೆಂದು ತಿಳಿದವರಿಗೆ ಆಶ್ಚರ್ಯವಾದೀತು: ನಮ್ಮಲ್ಲಿ ಹಾಗೆ ಧರಿಸಬೇಕೆಂಬುದೇ ನಿಯಮ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ತಕ್ಕ ಒರೆಯೊಳಗೆ ಪೂರ್ತಿ ಮುಚ್ಚಿರಬೇಕು, ಧರಿಸಿದವರ ಹತೋಟಿಯಲ್ಲಿರಬೇಕು. ಹೊರತೆಗೆದು ತೋರಿಸುವುದು ಅಪರಾಧ. ಮದುವೆ ದಿಬ್ಬಣದಲ್ಲಿ ಆಕಾಶಕ್ಕೆ ಗುಂಡು ಹಾರಿಸುವವರಿಗೆ 2019ರಿಂದ ಎರಡು ವರ್ಷದ ವರೆಗೆ ಸಜೆ ಅಥವಾ ಒಂದು ಲಕ್ಷದ ವರೆಗೆ ದಂಡ, ಇಲ್ಲವೆ ಎರಡೂ. ಒರೆಯು ಟ್ರಿಗರನ್ನು ಸಂಪೂರ್ಣ ಮುಚ್ಚುವಂತಿರಬೇಕು, ಬಾಯಿ ಸಡಿಲವಾಗಿರಬಾರದು, ಗಟ್ಟಿಯಾದ ಬೆಲ್ಟಿಗೆ ಭದ್ರವಾಗಿ ಕುಳಿತಿರಬೇಕು. ಪ್ಯಾಂಟಿನ ಕಿಸೆಯಲ್ಲಿ ಬೀಗದ ಕೈಯ ಜತೆಗೆ, ಹೆಂಗಸರ ಕೈಚೀಲದಲ್ಲಿ ಬಾಚಣಿಗೆಯ ಜತೆಗೆ ಹಾಕಿಡುವುದು ಅನಾಹುತಕ್ಕೆ ಆಹ್ವಾನ. ಮುಂಡುಟ್ಟ ನಮ್ಮ ಕಡೆಯ ಹಿರಿಯರಿಗಂತೂ ಇದು ಹೊಂದುವ ವಿದ್ಯೆಯೇ ಅಲ್ಲ. ಮುಂಡಿನ ಮೇಲಿನ ಅಗಲ ಬೆಲ್ಟು ಹಣದ ಪರ್ಸಿಗೆ ಸರಿ, ಮುಕ್ಕಾಲು ಕಿಲೋ ಉಕ್ಕಿಗೆ ಸಾಲದು. ಅಲ್ಲದೆ ನಮ್ಮ ಮಳೆಗಾಲ! ಜೂನಿನಿಂದ ಸೆಪ್ಟೆಂಬರದ ವರೆಗೆ ಚರ್ಮದ ಒರೆ ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಮನೆಗೆ ಬಂದೊಡನೆ ಒರೆಯಿಂದ ತೆಗೆದು, ಒರಸಿ, ತೆಳುವಾಗಿ ಎಣ್ಣೆ ಸವರಿ ಇಡಬೇಕು. ಹಸಿರು ಕಿಲುಬು ಹತ್ತಿದ ತೋಟೆಗಳನ್ನು ನಂಬಬಾರದು.

ಇಡುವುದೆಲ್ಲಿ? ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವರಾಗಿ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆವು: ಮನೆಯಲ್ಲಿ ಮಗುವಿಗೆ ತಿಳಿಯದ ಅಡಗುತಾಣ ಇಲ್ಲ. ಉಪ್ಪಿನಕಾಯಿ ಭರಣಿ ಎಷ್ಟು ಎತ್ತರದಲ್ಲಿದ್ದರೂ ಅದರ ಕೈಗೆ ಸಿಗುತ್ತದೆ. "ಮುಟ್ಟಬಾರದು ಎಂದು ಹೇಳಿದ್ದೇನೆ" ಎಂಬುದು ರಕ್ಷಣೆಯಲ್ಲ, ಕುತೂಹಲಕ್ಕೆ ಕೊಟ್ಟ ವೀಳ್ಯ. ದಿಂಬಿನಡಿ, ಸೀರೆಗಳ ನಡುವೆ, ದೇವರ ಕೋಣೆಯ ಅಟ್ಟದಲ್ಲಿ, ಇವು ಯಾವುವೂ ಆಗವು. ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ, ಅದಕ್ಕೆ ಬೀಗ, ತೋಟೆಗಳಿಗೆ ಬೇರೆ ಬೀಗ, ಬೀಗದ ಕೈ ಧಣಿಯ ಮೈಮೇಲೆ. ಬಿಚ್ಚಿ ಒರಸುವ ಕೆಲಸ ಮಕ್ಕಳಿಲ್ಲದ ಹೊತ್ತಿನಲ್ಲಿ. ಬೆರಳು ಟ್ರಿಗರಿನ ಹೊರಗೆ, ನಳಿಗೆಯ ಮುಖ ಯಾವ ಜೀವದ ಕಡೆಗೂ ತಿರುಗದಂತೆ. ಬರಿದೆಂದು ಗೊತ್ತಿದ್ದಾಗಲೂ ಹಾಗೆಯೇ. ಇದನ್ನೆಲ್ಲ ಕೇಳಿದ ನಮ್ಮ ಗೃಹಸ್ಥರು, "ಹಾಗಾದರೆ ಕಳ್ಳ ಬಂದಾಗ ತೆಗೆಯುವುದು ಯಾವಾಗ ಮಾಷ್ಟ್ರೆ?" ಎಂದರು. ಪ್ರಶ್ನೆ ನ್ಯಾಯವಾದುದೇ. ಮಗುವಿಗೆ ಸಿಗದ ಹಾಗೆ ಇಟ್ಟದ್ದು ತಂದೆಗೂ ಬೇಗ ಸಿಗದು; ಎರಡರಲ್ಲಿ ಯಾವುದನ್ನು ಬಿಟ್ಟುಕೊಡುವುದೆಂದು ಕೊಳ್ಳುವ ಮೊದಲೇ ಗಂಡಹೆಂಡಿರು ಕುಳಿತು ನಿರ್ಧರಿಸಬೇಕು. ನಮ್ಮನ್ನು ಕೇಳಿದರೆ ಬೀಗವೇ ಮೇಲು.

ದಾರಿಯಲ್ಲಿಯೂ ಸಮಯದ ಲೆಕ್ಕ ನಾವು ತಿಳಿದಂತಿಲ್ಲ. ಅಮೆರಿಕದ ಸಾಲ್ಟ್ ಲೇಕ್ ನಗರದ ಪೋಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಎಂಬವರು ಒಂದು ಪರೀಕ್ಷೆ ನಡೆಸಿ 1983ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಚೂರಿ ಹಿಡಿದವನು 21 ಅಡಿ ದೂರವನ್ನು ಓಡಿ ಮುಟ್ಟಲು ಒಂದೂವರೆ ಸೆಕೆಂಡು ಸಾಕು. ಪಳಗಿದ ಪೋಲೀಸನಿಗೆ ತೆರೆದ ಒರೆಯಿಂದ ಆಯುಧ ತೆಗೆದು ಗುರಿಯಿಡಲೂ ಹೆಚ್ಚುಕಡಿಮೆ ಅಷ್ಟೇ ಬೇಕು. ಅಂಗಿಯನ್ನೆತ್ತಿ, ಅದರಡಿಯಿಂದ ತೆಗೆಯಬೇಕಾದ, ವರ್ಷಕ್ಕೊಮ್ಮೆಯೂ ಅಭ್ಯಾಸ ಮಾಡದ ನಮ್ಮ ವ್ಯಾಪಾರಿಯ ಗತಿಯೇನು? ಬೈಕಿನಲ್ಲಿ ಎರಡು ಕೈಯೂ ಹ್ಯಾಂಡಲಿನ ಮೇಲಿರುವಾಗ?

ಹಾರಿಸಿದ್ದೇ ಆದರೆ ಮುಂದಿನದು ನ್ಯಾಯಾಲಯದ ಮಾತು. ಆತ್ಮರಕ್ಷಣೆಯ ಹಕ್ಕು ಹಿಂದಿನ ದಂಡಸಂಹಿತೆಯಲ್ಲಿದ್ದಂತೆಯೇ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಕಲಮುಗಳಲ್ಲಿದೆ. ಪ್ರಾಣಾಪಾಯ, ದರೋಡೆ, ರಾತ್ರಿಯ ಕನ್ನಗಳವು ಮೊದಲಾದ ಸಂದರ್ಭಗಳಲ್ಲಿ ಆ ಹಕ್ಕು ಎದುರಾಳಿಯ ಸಾವಿನ ವರೆಗೂ ಹೋಗಬಲ್ಲುದು. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು; ಪೋಲೀಸರ ಸಹಾಯ ಪಡೆಯಲು ಸಮಯವಿದ್ದಲ್ಲಿ ಹಕ್ಕೇ ಇಲ್ಲ; ಓಡಿಹೋಗುವವನ ಬೆನ್ನಿಗೆ ಹಾರಿಸಿದ ಗುಂಡನ್ನು ರಕ್ಷಣೆಯೆಂದು ಸಮರ್ಥಿಸುವುದು ಬಹಳ ಕಷ್ಟ. ಪಂಜಾಬಿನ ದರ್ಶನ್ ಸಿಂಗ್ ಎಂಬವರ ಮೊಕದ್ದಮೆಯನ್ನು ಇಲ್ಲಿ ನೆನೆಯಬಹುದು. 1991ರಲ್ಲಿ ಹೊಲದ ಜಗಳದಲ್ಲಿ ತಂದೆಯ ಮೇಲೆ ಹಲ್ಲೆಯಾದಾಗ ಅವರು ಹಾರಿಸಿದ ಗುಂಡಿನಿಂದ ಒಬ್ಬರು ಸತ್ತರು. ಕೆಳಗಿನ ನ್ಯಾಯಾಲಯ ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು, 2010ರಲ್ಲಿ ಸುಪ್ರೀಂ ಕೋರ್ಟು, ಕಣ್ಣೆದುರಿನ ಆಕ್ರಮಣಕ್ಕೆ ಪ್ರಜೆ ಹೇಡಿಯಂತೆ ತಲೆಬಾಗಬೇಕಾಗಿಲ್ಲವೆಂದು ಹೇಳಿ ಬಿಡುಗಡೆ ಮಾಡಿತು. ನ್ಯಾಯ ಅವರ ಪಾಲಿಗಿತ್ತು. ಅದು ಕೈಗೆ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು.

ನಮ್ಮ ಹಳೆಯ ವಿದ್ಯಾರ್ಥಿಗೆ ನಾವು ಕೊಟ್ಟ ಸಲಹೆ ಇದು: ಅರ್ಜಿ ಹಾಕುವುದು ನಿಮ್ಮ ಹಕ್ಕು, ಹಾಕಿರಿ, ಆದರೆ ಅದಕ್ಕೂ ಮೊದಲು ಹಣವನ್ನು ಬ್ಯಾಂಕಿನ ಖಾತೆಗೆ ಹಾಕಿಸಿಕೊಳ್ಳುವ ಏರ್ಪಾಟು ಮಾಡಿ, ಹೊತ್ತು ಮುಳುಗುವ ಮೊದಲು ಹೊರಡಿ, ಹಿಂಬಾಲಿಸಿದ ಬೈಕಿನ ನಂಬರನ್ನು ಠಾಣೆಗೆ ಬರೆದುಕೊಡಿ. ಹಣವಿಲ್ಲದ ಚೀಲವನ್ನು ಯಾರು ಹಿಂಬಾಲಿಸುತ್ತಾರೆ? ಮೆಣಸಿನ ಸ್ಪ್ರೇ ಸಾಕೆನ್ನುವವರೂ ಇದ್ದಾರೆ. ಅದಕ್ಕೆ ಲೈಸೆನ್ಸು ಬೇಡ ನಿಜ, ಆದರೆ 2024ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಜಗಳದ ಪ್ರಕರಣದಲ್ಲಿ ಅದನ್ನೂ ಅಪಾಯಕಾರಿ ಆಯುಧವೆಂದು ಕಂಡಿತು.

ಕೊನೆಯದಾಗಿ ಹಳೆಯ ಮನೆಗಳವರಿಗೊಂದು ಸೂಚನೆ. ಅಜ್ಜ ತೀರಿಕೊಂಡ ಮೇಲೆ ಅವರ ಕೋವಿಯೋ ರಿವಾಲ್ವರೋ ಅಟ್ಟದಲ್ಲಿ ಹಾಗೆಯೇ ಉಳಿದಿರುವುದುಂಟು. ಲೈಸೆನ್ಸು ಅಜ್ಜನ ಹೆಸರಿನದು; ಅವರೊಂದಿಗೆ ಅದು ಮುಗಿಯಿತು. ಮನೆಮಂದಿ ವಿಳಂಬ ಮಾಡದೆ ಆಯುಧವನ್ನೂ ತೋಟೆಗಳನ್ನೂ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸುಳ್ಳ ಆಯುಧ ವ್ಯಾಪಾರಿಯಲ್ಲಿ ಒಪ್ಪಿಸಿ ರಶೀದಿ ಪಡೆಯಬೇಕು. ವಾರಸುದಾರರಲ್ಲಿ ಯಾರಿಗಾದರೂ ಅದು ಬೇಕೆಂದಿದ್ದರೆ ಉಳಿದವರ ಒಪ್ಪಿಗೆಯೊಡನೆ ಅವರು ತಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಕೊಡಬಹುದು. ಲೈಸೆನ್ಸು ಬರುವ ತನಕ ಆಯುಧ ಅಲ್ಲಿಯೇ ಇರಲಿ, ರಶೀದಿ ಮನೆಯಲ್ಲಿರಲಿ.