ನದಿಯ ಮಡುಗಳೂ ಅವುಗಳಲ್ಲಿನ ಜೀವಿಗಳೂ

ಹೊಲಕ್ಕೆ ನೀರು ಎಷ್ಟು ಅವಶ್ಯವೋ, ನೀರಿಗೆ ಅದರಲ್ಲಿ ವಾಸಿಸುವ ಜೀವಿಗಳೂ ಅಷ್ಟೇ ಅವಶ್ಯ. ಮೀನುಗಳು ಸೊಳ್ಳೆಯ ಮರಿಹುಳಗಳನ್ನು ತಿನ್ನುವವು. ಚಿಪ್ಪಿನ ಜೀವಿಗಳು ನೀರನ್ನು ಸೋಸುವವು. ಏಡಿಗಳು ಕೊಳೆತ ಎಲೆಗಳನ್ನು ತಿಂದು ತೀರಿಸುವವು. ಇವು ನಶಿಸಿದರೆ ಕೇವಲ ಬೆಸ್ತರಿಗಲ್ಲ, ದಂಡೆಯ ಗ್ರಾಮಗಳೆಲ್ಲಕ್ಕೂ ಹಾನಿಯುಂಟು.

ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬಳಿ ಹರಿಯುವ ಹಿರಣ್ಯಕೇಶಿಯು ಸಹ್ಯಾದ್ರಿಯ ಅಂಬೋಲಿಯಲ್ಲಿ ಉಗಮಿಸುವುದು. ಅಲ್ಲಿಯ ದೇವಾಲಯದ ಕುಂಡದಲ್ಲಿ ದೊರೆತ ಒಂದು ಸಣ್ಣ ಮೀನನ್ನು ಶಾಸ್ತ್ರಜ್ಞರು 2020ರಲ್ಲಿ ಹೊಸ ಜಾತಿಯೆಂದು ವರ್ಣಿಸಿ, ನದಿಯ ಹೆಸರಿನಿಂದಲೇ ‘ಶಿಸ್ಟೂರಾ ಹಿರಣ್ಯಕೇಶಿ’ ಎಂದು ಕರೆದರು. 2021ರಲ್ಲಿ ಮಹಾರಾಷ್ಟ್ರ ಸರಕಾರವು ಆ ಸ್ಥಳದ 2.11 ಹೆಕ್ಟೇರು, ಅಂದರೆ ಸುಮಾರು 5 ಎಕರೆ ಪ್ರದೇಶವನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಿತು. ಅಲ್ಪ ಸ್ಥಳವನ್ನು ಕಾಯ್ದರೂ ಒಂದು ಜಾತಿ ಉಳಿಯಬಹುದೆಂಬುದಕ್ಕೆ ಇದು ನಿದರ್ಶನ.

ನಮ್ಮ ಪ್ರಾಂತದಲ್ಲಿ ಈ ಎಚ್ಚರಕ್ಕೆ ಮತ್ತೊಂದು ಕಾರಣವುಂಟು. ಗೋಕಾಕದ ಜಲಪಾತವು 171 ಅಡಿ ಎತ್ತರವಾದುದು; ಕೆಳಗಿನ ಮೀನು ಅದನ್ನು ಏರಲಾರದು. ಅದರ ಮೇಲ್ಭಾಗದಲ್ಲಿ 1897ರ ಧೂಪದಾಳದ ಒಡ್ಡೂ, ಹಿಡಕಲ್ಲಿನ ಆಣೆಕಟ್ಟೂ ದಾರಿಯನ್ನು ತಡೆದಿರುವವು. ಆದ್ದರಿಂದ ಹುಕ್ಕೇರಿಯ ಹಳ್ಳಗಳಲ್ಲಿ ಒಂದು ಜಾತಿ ಅಳಿದರೆ, ಕೆಳಗಿನ ಮೂಡಲಗಿಯ ಕಡೆಯಿಂದ ಅದು ತಾನಾಗಿ ಮರಳಿ ಬರುವಂತಿಲ್ಲ. ಮೇಲಿನ ಸಂತತಿಯನ್ನು ಮೇಲಿನವರೇ ಕಾಯಬೇಕು. ಕೆಳಗಿನ ಗ್ರಾಮಗಳಿಗಾದರೋ ಮೇಲಿನವರು ಕೆಡಿಸಿದ ನೀರೇ ಹರಿದು ಬರುವುದು.

ಹಾನಿಯ ಕಾರಣಗಳು ಗುಪ್ತವಾದುವಲ್ಲ. ಮೃಗಶಿರೆ, ಆರಿದ್ರೆ ಮಳೆಗಳ ಹೊಸನೀರಿಗೆ ಅನೇಕ ಮೀನುಗಳು ಹಳ್ಳಗಳನ್ನು ಏರಿ ತತ್ತಿಯಿಡುವವು. ಆಗಲೇ ಬಲೆಯೊಡ್ಡಿದರೆ ಬೀಜವನ್ನೇ ಹುರಿದು ತಿಂದಂತಾಗುವುದು. ಉಸುಕನ್ನು ಬಗೆದರೆ ತತ್ತಿಯಿಡುವ ನೆಲೆ ಹಾಳಾಗುವುದು. ಕಾರಖಾನೆಯ ಅಥವಾ ಬೆಲ್ಲದ ಗಾಣದ ಕೊಳೆನೀರು ಹರಿದುಬಂದರೆ, ಅದು ಕೊಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯು ತೀರಿ ಮೀನುಗಳು ಉಸಿರುಕಟ್ಟಿ ಸಾಯುವವು. ಕಬ್ಬಿನ ಹೊಲದ ಮಿತಿಮೀರಿದ ಗೊಬ್ಬರವು ಪಾಚಿಯನ್ನು ಬೆಳೆಸುವುದು.

ಗ್ರಾಮದ ಹಿರಿಯರೂ ಜಮೀನುದಾರರೂ ಈ ಕೆಳಗಿನ ಕ್ರಮಗಳನ್ನು ಕೈಕೊಳ್ಳತಕ್ಕದ್ದು:

1. ಬೇಸಿಗೆಯಲ್ಲಿಯೂ ಬತ್ತದ ಒಂದು ಮಡುವನ್ನು ಗ್ರಾಮದ ಒಪ್ಪಿಗೆಯಿಂದ ‘ಕಾಯ್ದಿಟ್ಟ ಮಡು’ವೆಂದು ಗೊತ್ತುಪಡಿಸಿ, ಅಲ್ಲಿ ಮೀನು ಹಿಡಿಯುವುದನ್ನೂ ಉಸುಕು ತೆಗೆಯುವುದನ್ನೂ ನಿಲ್ಲಿಸಬೇಕು. ಶೃಂಗೇರಿಯಲ್ಲಿ ತುಂಗೆಯ ಮೀನುಗಳು ಉಳಿದಿರುವುದು ಇಂಥ ನಿಯಮದಿಂದಲೇ.

2. ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು ತಡೆಯಬೇಕು. 1897ರ ಮೀನುಗಾರಿಕೆಯ ಕಾಯಿದೆಯೇ ಇದನ್ನು ಅಪರಾಧವೆಂದು ಎಣಿಸಿತ್ತು.

3. ದಂಡೆಯಿಂದ ಹತ್ತು ಹನ್ನೆರಡು ಮೊಳ ಉಳುಮೆಯಿಲ್ಲದೆ ಬಿಟ್ಟು, ಅತ್ತಿ, ನೇರಳೆ, ಹೊಂಗೆ, ಲಕ್ಕಿಗಳನ್ನು ಬೆಳೆಸಬೇಕು. ಬೇರುಗಳು ದಂಡೆಯ ಮಣ್ಣನ್ನೂ ಹಿಡಿಯುವವು.

4. ಔಷಧ ಸಿಂಪಡಿಸುವ ಪಂಪನ್ನು ಹಳ್ಳದಲ್ಲಿ ತೊಳೆಯಬಾರದು.

5. ಆಫ್ರಿಕದ ಮೂಲದ ಟಿಲಾಪಿಯಾ ಮೊದಲಾದ ಪರದೇಶದ ಮೀನುಗಳನ್ನು ಹಳ್ಳಕ್ಕೆ ಬಿಡಬಾರದು. ಅವು ಬೇಗ ವೃದ್ಧಿಯಾಗಿ ನಾಡಮೀನುಗಳ ಆಹಾರವನ್ನೂ ನೆಲೆಯನ್ನೂ ಕಸಿಯುವವು.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಊರಿನ ಮಡುಗಳನ್ನೂ, ವೃದ್ಧ ಬೆಸ್ತರು ಬಲ್ಲ ಮೀನುಗಳ ಹೆಸರುಗಳನ್ನೂ ಅದರ ದಾಖಲೆಯಲ್ಲಿ ಬರೆಯಿಸಿದರೆ, ಇದ್ದುದೇನು, ಕಳೆದುದೇನು ಎಂಬುದು ಮುಂದಿನವರಿಗೆ ತಿಳಿಯುವುದು. ಈ ಕೆಲಸಕ್ಕೆ ಹಣಕ್ಕಿಂತ ಗ್ರಾಮದ ಒಕ್ಕಟ್ಟು ಹೆಚ್ಚು ಬೇಕು. ಮುಂಗಾರಿಗೆ ಮೊದಲೇ ಇದನ್ನು ಆರಂಭಿಸುವುದು ಶ್ರೇಯಸ್ಕರ.