ಯಂತ್ರದ ಹಕ್ಕುಪತ್ರ ಯಂತ್ರದಲ್ಲೇ ಇದೆ

ಗಡಿಯ ಊರುಗಳ ಪಾಡು ಎಲ್ಲೆಡೆ ಒಂದೇ. ಮನೆಯೊಳಗೆ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು. ಕಾಸರಗೋಡಿನ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮರಾಠವಾಡದ ಅಂಚಿನ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆಗಳದೂ ಇದೇ ಕಥೆ. ನಿಲಂಗಾ ಮತ್ತು ಉದಗೀರ 1956ರ ನವೆಂಬರ್ 1ರ ತನಕ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಈಗ ಲಾತೂರ ಜಿಲ್ಲೆಯಲ್ಲಿವೆ. ಉಮರ್ಗಾ ಇರುವ ಉಸ್ಮಾನಾಬಾದ ಜಿಲ್ಲೆಗೆ 2023ರಿಂದ ಧಾರಾಶಿವ ಎಂದು ಹೆಸರು.

ಆ ಕಡೆಯ ಅಧ್ಯಾಪಕ ಮಿತ್ರರೊಬ್ಬರು ಈಚೆಗೆ ನಮ್ಮೊಡನೆ ತೋಡಿಕೊಂಡ ದುಃಖವೇ ಈ ಲೇಖನಕ್ಕೆ ಕಾರಣ. ಅವರ ಲ್ಯಾಪ್‌ಟಾಪಿಗೆ ವೈರಸ್ ತಗಲಿತು. ಅಂಗಡಿಯಾತ ಎಲ್ಲವನ್ನೂ ಅಳಿಸಿ, ಹೊಸತಾಗಿ ವಿಂಡೋಸ್ ಹಾಕಿಕೊಟ್ಟ. ಮರಾಠಿಯ ಕಡತಗಳನ್ನು ಉಳಿಸಿದ್ದ. ಹತ್ತು ವರ್ಷಗಳ ಕನ್ನಡ ಪ್ರಶ್ನೆಪತ್ರಿಕೆಗಳು, ಊರ ಜಾತ್ರೆಯ ನಾಟಕದ ಪ್ರತಿ ಇವೆಲ್ಲ ಹೋಗಿದ್ದವು. ಕೇಳಿದರೆ, "ಆ ಫೈಲುಗಳೆಲ್ಲ ಖರಾಬಾಗಿದ್ದವು ಗುರೂಜಿ, ಬರೀ ಅಡ್ಡಾದಿಡ್ಡಿ ಅಕ್ಷರ" ಎಂದನಂತೆ. ತಿಂಗಳು ಕಳೆಯುವುದರೊಳಗೆ ಪರದೆಯ ಮೂಲೆಯಲ್ಲಿ "ವಿಂಡೋಸನ್ನು ಆ್ಯಕ್ಟಿವೇಟ್ ಮಾಡಿ" ಎಂಬ ಸೂಚನೆ ಬೇರೆ ಬಂದು ಕುಳಿತಿತು.

ಆ ಕಡತಗಳು ಕೆಟ್ಟಿರಲಿಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಬರಹವನ್ನು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ, ತಲೆಯ ಮೇಲೆ ಚುಕ್ಕೆ ಗೆರೆಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನುಡಿಯನ್ನು ಹಾಕಿದ ಕ್ಷಣ ಅದೇ ಕಡತ ಶುದ್ಧ ಕನ್ನಡವಾಗುತ್ತದೆ. ಕನ್ನಡವೇ ತಿಳಿಯದ ಅಂಗಡಿಯವನಿಗೆ ಇದು ಹೇಗೆ ಗೊತ್ತಾಗಬೇಕು? ಆದುದರಿಂದ ಗಡಿಯ ಕನ್ನಡಿಗನು ಯಂತ್ರವನ್ನು ಪರರ ಕೈಗೆ ಕೊಡುವ ಮುನ್ನ ತನ್ನ ಕಡತಗಳನ್ನು ತಾನೇ ಬೇರೆಡೆ ಇರಿಸಿಕೊಳ್ಳಬೇಕು. ಅವು ಯಾವ ಅಕ್ಷರಶೈಲಿಯಲ್ಲಿವೆ ಎಂಬುದನ್ನೂ ಕಾಗದದಲ್ಲಿ ಬರೆದಿಡಬೇಕು.

ಇನ್ನು ಹಕ್ಕಿನ ವಿಚಾರ. ವಿಂಡೋಸ್ ಸಹಿತವಾಗಿ ಲ್ಯಾಪ್‌ಟಾಪ್ ಕೊಂಡವರು ಅದರ ಬೆಲೆಯನ್ನು ಅಂದೇ ತೆತ್ತಿರುತ್ತಾರೆ. ನಮ್ಮಲ್ಲಿಯ ಪಟ್ಟೆಯಂತೆ, ಅವರಲ್ಲಿಯ ಸಾತ್-ಬಾರಾ ಉತಾರದಂತೆ, ಇದಕ್ಕೂ ಒಂದು ದಾಖಲೆ ಇದೆ. ಎಕ್ಸ್‌ಪಿ ಮತ್ತು ವಿಂಡೋಸ್ 7ರ ಕಾಲದಲ್ಲಿ ಯಂತ್ರದ ಮೈಮೇಲೆ ಅಂಟಿಸಿದ ಚೀಟಿಯಲ್ಲಿ 25 ಅಕ್ಷರಗಳ ಕೀಲಿಸಂಖ್ಯೆ ಇರುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ದೊಡ್ಡ ತಯಾರಕರು ಆ ಸಂಖ್ಯೆಯನ್ನು ಮದರ್‌ಬೋರ್ಡಿನಲ್ಲಿಯೇ ಅಡಗಿಸಿಡುತ್ತಾರೆ. ಡಿಸ್ಕನ್ನು ಪೂರ್ತಿ ಒರೆಸಿದರೂ ಅದು ಅಳಿಯದು. ಅಂಥ ಯಂತ್ರಕ್ಕೆ ಅದರದೇ ಆವೃತ್ತಿಯನ್ನು ಮತ್ತೆ ಹಾಕಿ ಇಂಟರ್‌ನೆಟ್ ಜೋಡಿಸಿದರೆ ಸಾಕು, ಆ್ಯಕ್ಟಿವೇಶನ್ ತಾನಾಗಿಯೇ ಆಗುತ್ತದೆ. ಮತ್ತೆ ಹಣ ಕೊಡಬೇಕಾಗಿಲ್ಲ.

ಹಾಗಿದ್ದರೂ ಮಿತ್ರರ ಯಂತ್ರಕ್ಕೆ ಸೂಚನೆ ಬಂದುದೇಕೆ? ಬಂದದ್ದು "ಹೋಮ್ ಸಿಂಗಲ್ ಲ್ಯಾಂಗ್ವೇಜ್". ಅಂಗಡಿಯಾತ ಹಾಕಿದ್ದು "ಪ್ರೊ". ಒಂದು ಸರ್ವೆ ನಂಬರಿನ ಪಟ್ಟೆ ಇನ್ನೊಂದು ಹೊಲಕ್ಕೆ ನಡೆಯುವುದಿಲ್ಲವಷ್ಟೆ. ಸಿಂಗಲ್ ಲ್ಯಾಂಗ್ವೇಜ್ ಎಂದೊಡನೆ ಕನ್ನಡ ಬರೆಯಲಾಗದೆಂದು ಹಲವರು ಅಂಜುತ್ತಾರೆ. ಆ ನಿರ್ಬಂಧವಿರುವುದು ಪರದೆಯ ಆದೇಶಗಳ ಭಾಷೆಗೆ ಮಾತ್ರ. ಕನ್ನಡ, ಮರಾಠಿ ಎರಡನ್ನೂ ಧಾರಾಳವಾಗಿ ಬೆರಳಚ್ಚಿಸಬಹುದು.

ಸೂಚನೆಯನ್ನು ಓಡಿಸಲು ಕೆಲವರು "ಆ್ಯಕ್ಟಿವೇಟರ್" ಎಂಬ ಕಳ್ಳ ತಂತ್ರಾಂಶ ಹಾಕಿಸಿಕೊಳ್ಳುತ್ತಾರೆ. ಅದನ್ನು ನಡೆಸಬೇಕಾದರೆ ಮೊದಲು ವೈರಸ್ ಕಾವಲನ್ನು ನಿಲ್ಲಿಸಿ ಎನ್ನುತ್ತಾರೆ. ಕಾವಲುಗಾರನನ್ನು ಮನೆಗೆ ಕಳುಹಿಸಿ ಅಪರಿಚಿತನಿಗೆ ಬೀಗದ ಕೈ ಕೊಟ್ಟ ಹಾಗೆ! ಅಂಥ ಹಲವು ತಂತ್ರಾಂಶಗಳ ಹೊಟ್ಟೆಯಲ್ಲೇ ರೋಗ ಕುಳಿತಿರುತ್ತದೆ. ಯಾವ ಬಾಧೆ ಕಳೆಯಲೆಂದು ಯಂತ್ರವನ್ನು ಒರೆಸಿದೆವೋ ಅದೇ ಬಾಧೆ ಹಿಂಬಾಗಿಲಿನಿಂದ ಒಳಬರುತ್ತದೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮೊದಲು ರೋಗದ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ. ಬರಹ, ಚಿತ್ರಗಳನ್ನು ಮಾತ್ರ ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಿ, ತಂತ್ರಾಂಶಗಳನ್ನು ಬೇಡ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕಂಡರೆ ಗಾಬರಿ ಬೇಡ: ಪೆನ್‌ಡ್ರೈವಿನ ಮೂಲಕ ಹರಡುವ ಒಂದು ಜಾತಿಯ ವೈರಸ್ ಮೂಲ ಫೋಲ್ಡರನ್ನು ಮರೆಮಾಡುತ್ತದೆ, ಅಳಿಸುವುದಿಲ್ಲ. ಆಮೇಲೆ ಆರೋಗ್ಯವಾಗಿರುವ ಬೇರೆ ಯಂತ್ರದಲ್ಲಿ, ಮೈಕ್ರೋಸಾಫ್ಟಿನ ತಾಣದಿಂದಲೇ ಸ್ಥಾಪನೆಯ ಸಾಧನವನ್ನು ಇಳಿಸಿ, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ತುಂಬಿ. ಅದರಿಂದ ಯಂತ್ರವನ್ನು ಚಾಲೂ ಮಾಡಿ ಹಳೆಯ ವಿಭಾಗಗಳನ್ನು ತೆಗೆದುಹಾಕಿ ಹೊಸತಾಗಿ ಸ್ಥಾಪಿಸಬೇಕು. ಆಗ ಅದೇ ಡಿಸ್ಕಿನ ಡಿ ಡ್ರೈವೂ ಅಳಿಯುತ್ತದೆ ಎಂಬುದು ನೆನಪಿರಲಿ. ಕೀಲಿಸಂಖ್ಯೆ ಕೇಳಿದರೆ "ನನ್ನಲ್ಲಿ ಇಲ್ಲ" ಎಂಬುದನ್ನು ಆರಿಸಿ, ಮೊದಲಿದ್ದ ಆವೃತ್ತಿಯನ್ನೇ ಹಾಕಿ. ಮುಗಿದ ಮೇಲೆ ಸೆಟ್ಟಿಂಗ್ಸಿನ ಆ್ಯಕ್ಟಿವೇಶನ್ ಪುಟವನ್ನು ನೋಡಿ. ಉಳಿಸಿದ ಕಡತಗಳನ್ನು ವೈರಸ್ ತಪಾಸಣೆ ಮಾಡಿಯೇ ಮರಳಿಸಿ. ಬ್ಯಾಂಕು, ಮಿಂಚಂಚೆಗಳ ಗುಪ್ತಪದಗಳನ್ನೂ ಬದಲಿಸಿ. ಮದರ್‌ಬೋರ್ಡನ್ನೇ ಬದಲಿಸಿದ್ದರೆ ಮಾತ್ರ ಹಳೆಯ ಹಕ್ಕು ಹಾಗೆಯೇ ಮುಂದುವರಿಯದು. ಆಗ ತಯಾರಕರನ್ನು ವಿಚಾರಿಸಬೇಕಾಗುತ್ತದೆ.

ಒಂದು ಎಚ್ಚರಿಕೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಕಂಪೆನಿಯ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ನಡೆಸಲಾಗದ ಹಳೆಯ ಯಂತ್ರಗಳಿಗೆ ಲಿನಕ್ಸ್ ಒಂದು ದಾರಿ. ಕೇರಳದ ಶಾಲೆಗಳಲ್ಲಿ ನಮ್ಮ ಮಕ್ಕಳು ಬಳಸುತ್ತಿರುವುದು ಅದನ್ನೇ. ಅದಕ್ಕೆ ಆ್ಯಕ್ಟಿವೇಶನ್ ಎಂಬ ತಂಟೆಯೇ ಇಲ್ಲ.

ವಿಂಡೋಸ್ ಹೋದರೆ ಮತ್ತೆ ಸಿಗುತ್ತದೆ. ಜಾತ್ರೆಯ ನಾಟಕದ ಪ್ರತಿಯನ್ನು ಯಾವ ಕಂಪೆನಿಯೂ ತಂದುಕೊಡುವುದಿಲ್ಲ. ನುಡಿಯ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಅವು ಉದಗೀರದಲ್ಲಿ ತೆರೆದರೂ ಕನ್ನಡವೇ, ಉಪ್ಪಳದಲ್ಲಿ ತೆರೆದರೂ ಕನ್ನಡವೇ. ರಜೆಯ ಎರಡು ದಿನಗಳನ್ನು ಈ ಕೆಲಸಕ್ಕೆ ಮೀಸಲಿಡಿರೆಂದು ಗಡಿಯ ಎರಡೂ ಕಡೆಯ ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿನಂತಿ.